ಭಟ್ಟಿಯೊಳಗಿನ ಮೂರು ಗೆರಿ

ನಗೋರು ಈಗೇ ನಕ್ಕೊಂಡು ಬಿಡ್ರಿ. ನಡುವ ಯಾರರೆ ಕಿಸಕ್ ಅಂದ್ರ ನಾ ಎದ್ದು ಹೋಗ್ತೀನಿ. ಇದು ನಮ್ಮ ತಂಗಿ ಮಗ ಓಂಕಾರಗ ಆಗಿದ್ದು, ಸಂಭಾಜಿನಗರದ ಗಿಯರ್ ಕಾರ್ಖಾನಿಯಾಗ.

ರಾತ್ರಿ ಪಾಳಿಗೆ ಒಬ್ಬನೇ ಹೊಂಟಿದ್ದ. ಕಾರ್ಖಾನಿ ಹಿಂದ ಒಂದು ಹಾಳು ಬಾವಿ ಅದ. ಗಾಲಿ ಅದ, ಹಗ್ಗ ಇಲ್ಲ. ಆದ್ರೂ ಗಾಲಿ ತಿರುಗ್ತಿತ್ತಂತ... ಕಿರ್ರ್... ಕಿರ್ರ್...

"ಓಂಕಾರ..."

ದನಿ ಗುರ್ತು ಹತ್ತಿತು. ಮನ್ಮಥಪ್ಪಂದು. ಇವಗ ಕೆಲಸ ಕಲಿಸಿದ ಮುದುಕ, ನಮ್ಮ ಬೀದರ ಕಡ್ಯಾವನೇ. ಹೋದ ವರ್ಷ ಭಟ್ಟಿ ಮುಂದ ಕರೆಂಟ್ ಹೊಡದು ಸತ್ತಾನ.

"ಗಿಯರಿಗೆ ವಿಭೂತಿ ಹಚ್ಚೀಯೇನಪಾ?"

"ಇಲ್ರಿ ಕಾಕಾ... ಸಾಹೇಬ್ರು ಬ್ಯಾಡಂದಾರ."

"ನಾ ಹಚ್ಚತೀನಿ ತಗೊ."

"ಬ್ಯಾಡ್ರಿ! ನೌಕರಿ ಹೋಗ್ತದ್ರಿ..."

"ಹೋಗ್ಲಿ."

ಗಾಲಿ ನಿಂತಿತು.

ಆ ಭಟ್ಟಿಯಾಗ ಬೆಂಕಿ ಇರಂಗಿಲ್ಲ. ಒಳಗಿನ ಗಾಳಿ ಎಲ್ಲಾ ಎಳದು, ಒಂಚೂರು ಗ್ಯಾಸ್ ಬಿಟ್ಟು, ಗಿಯರಿಗೆ ಮೈನಸ್ ಕರೆಂಟ್ ಕೊಡ್ತಾರ. ಗಿಯರ್ ಮೈಯಿಂದ ಎಲೆಕ್ಟ್ರಾನ್ ಹಾರ್ತಾವಂತ. ಸುತ್ತ ನೇರಳಿ ಬೆಳಕು ಮೆತ್ತಿಕೊಂತದ, ಅದರಾಗ ಕಬ್ಬಣ ಗಟ್ಟಿ ಆಗ್ತದ. ಬೂದಿ ಹತ್ತಿದಲ್ಲಿ ಎಲೆಕ್ಟ್ರಾನ್ ಜಾಸ್ತಿ ಹಾರ್ತಾವ, ಅಲ್ಲೇ ಬೆಳಕು ಹೆಚ್ಚು, ಅಲ್ಲೇ ಸುಡ್ತದ. ಮನ್ಮಥಪ್ಪ ಮಾತ್ರ ಭಟ್ಟಿ ಮುಚ್ಚೋ ಮುಂಚೆ, ಯಾರಿಗೂ ಏನೂ ಆಗಬಾರದಂತ, ಒಂದು ಗಿಯರಿಗೆ ಮೂರು ಬೆರಳಿಂದ ವಿಭೂತಿ ಎಳೀತಿದ್ದ. ಅವನ ನಡುಬೆರಳು ಅರ್ಧ ಮಷೀನಿಗೆ ಹೋಗಿತ್ತು. ದಿನಾ ಒಂದು ಗಿಯರ್ ಕೆಡ್ತದಂತ ಸಾಹೇಬ್ರು ಬಂದ್ ಮಾಡಿಸಿದ್ರು. ಬಂದ್ ಮಾಡಿಸಿದ ವಾರದಾಗೇ ಮುದುಕ ಸತ್ತ.

ಓಂಕಾರ ಆ ತಿಂಗಳ ಪರ್ಮನೆಂಟ್ ಆಗೋನಿದ್ದ. ಆದ ಮ್ಯಾಲೆ ಭಾಗ್ಯಶ್ರೀ ಜೋಡಿ ಮದುವಿ. ಒಂದು ಗಿಯರ್ ಕೆಟ್ರೂ ಮನಿಗೆ ಕಳಸ್ತೀನಿ ಅಂದಿದ್ರು ಸಾಹೇಬ್ರು.

ಓಡಿ ಹೋಗಿ ನೋಡ್ಯಾನ. ಭಟ್ಟಿ ಸಂಜಿಗೇ ಮುಚ್ಚಿತ್ತು, ಬೋಲ್ಟ್ ಬಿಗದಿತ್ತು. ಪಂಪು ಡುಗ್ ಡುಗ್ ಡುಗ್... ಗಾಜಿನ ಕಿಂಡಿಗೆ ಕಣ್ಣಿಟ್ಟ. ನೇರಳಿ ಬೆಳಕಿನಾಗ, ಮುಂದಿನ ಗಿಯರ್ ಮ್ಯಾಲೆ... ಬೆಳ್ಳಗ ಉರಿಯೋ ಮೂರು ಗೆರಿ. ನಡುವಿಂದು ಅರ್ಧ.

ಚಟ್... ಚಟ್... ಅಂತ ಕಿಡಿ ಹಾರಿದ್ವು.

ಮುಂಜಾನಿ ಭಟ್ಟಿ ತೆಗೆದ್ರು. ಸಾಹೇಬ್ರು ಆ ಗಿಯರ್ ಇವನ ಕಾಲಾಗ ಒಗದ್ರು, "ಹೋಗ್, ಮತ್ತ ಬರಬ್ಯಾಡ" ಅಂದ್ರು. ಭಾಗ್ಯಶ್ರೀ ಮನಿಯವರು ಮದುವಿ ಮುರದ್ರು. ಹುಡುಗ ಆ ಗಿಯರ್ ಹೊತ್ಕೊಂಡು ಇಲ್ಲೇ ನಾಸಿಕ್ ರೋಡಿಗೆ ಬಂದು ನಮ್ಮನ್ಯಾಗ ಗ್ವಾಡಿ ಕಡಿ ಮುಖ ಮಾಡಿ ಮಲಗಿದ. ಸತ್ತ ಮ್ಯಾಲರೆ ಸುಮ್ಮ ಇರಬಾರದೇನೋ ಮುದುಕ, ಅಂತ ಬಾಯಿಗೆ ಬಂದಂಗ ಬೈದೆ.

ಮುಂದಿನ ವಾರ ಕಾರ್ಖಾನಿಯಿಂದ ಫೋನ್ ಬಂತು. ಓಂಕಾರನ ಜಾಗಾಕ್ಕ ಅಕ್ಷಯ ಅಂತ ವೈಜಾಪುರದ ಪೋರ ಬಂದಿದ್ದ. ಅದೇ ಭಟ್ಟಿ, ಅದೇ ಕಿಂಡಿ ಮುಂದ ನಿಂತಿದ್ದ. ಕರೆಂಟ್ ಹೊಡದು... ಹೋದ. ತಾಯಿಗೆ ಒಬ್ಬನೇ ಮಗ.

ನಮ್ಮ ಹುಡುಗ ಉಳದಾನ, ಮುದುಕಗ ಕೈ ಮುಗೀಲೋ? ಆ ಪೋರಗ ಯಾಕ ಹಚ್ಚಲಿಲ್ಲ ಅಂತ ಕೇಳಲೋ? ಓಂಕಾರ ಮಾತ್ರ ಅವತ್ತಿಂದ ಹಣಿಗೆ ವಿಭೂತಿ ಹಚ್ಚಿಲ್ಲ.

ಸುಳ್ಳು ಅಂತೀರೇನು? ಅಡಗಿಮನಿ ಬಾಗಿಲು ಮುಚ್ಚಬಾರದಂತ ಅಡ್ಡ ಇಟ್ಟೀನಿ ನೋಡ್ರಿ, ಅದೇ ಗಿಯರ್. ಹುಣಸಿಹಣ್ಣು ಹಾಕಿ ತಿಕ್ಕೀನಿ, ಹೋಗಂಗಿಲ್ಲ. ಕೈ ಆಡಸ್ರಿ... ಆಂ, ಅಲ್ಲೇ. ನಡುವಿನ ಗೆರಿ ಅರ್ಧಕ್ಕೇ ನಿಂತದ.