ಸೂಜಿಯ ಮಾತನ್ನು ನುಂಗಿದ ಸಾಹುಕಾರ

ಜವಳಿ ಅಂಗಡಿಯ ಸಾಹುಕಾರನೊಬ್ಬ ಇದ್ದ, ಒಂದೂರಲ್ಲಿ. ಯಾವ ಊರು ಎಂದು ಕೇಳಬೇಡಿ. ಕಥೆ ಮುಗಿಯುವಷ್ಟರಲ್ಲಿ ನಿಮಗೇ ತಿಳಿಯುತ್ತದೆ. ಅವನು ಸುಳ್ಳು ಹೇಳುವವನಲ್ಲ. ಬಟ್ಟೆ ಅಳೆದರೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟೇ ಕತ್ತರಿ ಹಾಕುವವನು. ಸಾಹುಕಾರ ಹೇಳಿದ ಎಂದರೆ ಆ ಊರಲ್ಲಿ ಮರುಮಾತಿಲ್ಲ.

ಅವನ ಹೆಂಡತಿಗೆ ಸಕ್ಕರೆ ಕಾಯಿಲೆ ಏರಿ, ಕಾಲಿನ ಹುಣ್ಣು ಮಾಯದೆ ಹೋಯಿತು. ಆಸ್ಪತ್ರೆಯವರು ದಿನಾ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳಲು ಹೇಳಿದರು. ಸಾಹುಕಾರ ಗುಡಿಗೂ ಹರಕೆ ಹೊತ್ತ. ಗುಡಿಯ ಬೇವಿನ ಎಲೆ ತಂದು, ಅರೆದು, ರಸ ಕುಡಿಸಿದ. ಸೂಜಿಯೂ ನಡೆಯಿತು, ರಸವೂ ನಡೆಯಿತು. ಹುಣ್ಣು ಮಾಯಿತು.

ಆ ಗುಡಿಯಲ್ಲೊಂದು ಪದ್ಧತಿ. ಹರಕೆ ಫಲಿಸಿದವರು ಸೋಮವಾರದ ಪೂಜೆಯಾದ ಮೇಲೆ ದೀಪದ ಕಂಬದ ಹತ್ತಿರ ನಿಂತು, ಸೇರಿದವರಿಗೆಲ್ಲ ಕೇಳುವ ಹಾಗೆ ನಡೆದದ್ದನ್ನು ಹೇಳಬೇಕು. ಸಾಹುಕಾರ ನಿಂತ. ಕಣ್ಣೀರು ಸುರಿಸುತ್ತ ಹೇಳಿದ: "ಸ್ವಾಮಿಯ ಬೇವು ನನ್ನ ಮನೆಯವಳನ್ನು ಉಳಿಸಿತು."

ಅಷ್ಟೇ ಹೇಳಿದ. ನೋಡಿ, ಅಷ್ಟೇ.

ದಾರಿಯಲ್ಲಿ ಹೆಂಡತಿ ಕೇಳಿದಳು: "ಅಲ್ಲಾ ರೀ, ಸೂಜಿ ವಿಷಯ ಯಾಕೆ ಬಿಟ್ರಿ?"

"ದೇವರ ಎದುರಿಗೆ ಆಸ್ಪತ್ರೆ ಮಾತು ತೆಗೆದರೆ ಭಕ್ತಿಗೆ ಕುಂದಲ್ಲವೇನೇ?"

"ಸರಿ ಹೋಯ್ತು! ದಿನಾ ಅವನ ಪಟದ ಕೆಳಗೇ ಕೂತು ಚುಚ್ಚಿಕೊಳ್ತೀನಿ. ಅವನಿಗೆ ಗೊತ್ತಿಲ್ಲದ್ದಾ?"

ಇಬ್ಬರೂ ನಕ್ಕರು. ಹೌದು, ದೇವರಿಗೆ ಗೊತ್ತಿತ್ತು. ಕೂತು ಕೇಳಿದ ಜನಕ್ಕೆ ಗೊತ್ತಿತ್ತೇ?

ಕೆಲವು ದಿನ ಕಳೆದವು. ಅಂಗಡಿ ತುಂಬ ಗಿರಾಕಿಗಳಿರುವಾಗ ಬಳೆ ಮಾರುವವಳೊಬ್ಬಳು ಬಾಗಿಲಿಗೆ ಬಂದು ಕೈ ಮುಗಿದಳು.

"ಗುಡೀಲಿ ನಿಮ್ಮ ಮಾತು ಕೇಳಿದ್ದೇ ಪುಣ್ಯ ಸಾವ್ಕಾರ್ರೇ. ನನ್ನ ಮಗಳಿಗೂ ಅದೇ ಸಕ್ಕರೆ ಕಾಯಿಲೆ. ಎಳೇ ಮಗೂಗೆ ದಿನಾ ಚುಚ್ಚೋದು ನೋಡೋಕಾಗ್ತಿರಲಿಲ್ಲ. ಮೊನ್ನೆಯಿಂದ ನಿಲ್ಲಿಸಿಬಿಟ್ಟೆ. ಬೇವೇ ಕುಡಿಸ್ತಿದ್ದೀನಿ."

ಬಟ್ಟೆಯ ನಡುವೆ ಸಾಹುಕಾರನ ಕತ್ತರಿ ನಿಂತುಹೋಯಿತು.

"ಈಗ... ಈಗ ಹೇಗಿದ್ದಾಳೆ?"

"ನೀರು ನೀರು ಅಂತಾಳೆ. ಬೆಳಿಗ್ಗೆಯಿಂದ ವಾಂತಿ. ಕರೆದರೆ ಕಣ್ಣೂ ಬಿಡೋದಿಲ್ಲ. ಕಹಿ ಅಲ್ವಾ, ಒಳಗಿನ ಕೆಟ್ಟದ್ದೆಲ್ಲ ಹೊರಗೆ ಬರ್ತಿದೆ. ಅಮ್ಮಾವ್ರಿಗೂ ಹೀಗೇ ಆಗಿತ್ತಾ?"

ಅಂಗಡಿಯವರೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು. ಸಾಹುಕಾರನಿಗೆ ಮೊದಲು ಬಂದ ಚಿಂತೆ ಯಾವುದು ಗೊತ್ತೇ? ಮಗುವಿನದಲ್ಲ. ಇಷ್ಟು ಜನರ ಎದುರಿಗೆ ನನ್ನ ಮಾತು ಏನಾಗುತ್ತದೆ ಎಂದು! ಆ ಚಿಂತೆಯೇ ಅವನನ್ನು ಹೆದರಿಸಿತು. ಕತ್ತರಿ ಬಿಸಾಡಿ ಓಡಿದ.

ಮಗು ಚಾಪೆಯ ಮೇಲಿತ್ತು. ತುಟಿ ಒಣಗಿತ್ತು. ಉಸಿರು ಮಾತ್ರ ಜೋರು, ದೂರದಿಂದ ಓಡಿ ಬಂದವರ ಹಾಗೆ. ಎತ್ತಿಕೊಂಡು ಆಸ್ಪತ್ರೆಗೆ ಹೋದ.

"ಸೂಜಿ ನಿಲ್ಲಿಸಲು ಯಾರಮ್ಮಾ ಹೇಳಿದ್ದು?" ಡಾಕ್ಟರಮ್ಮ ಗದರಿದರು.

ತಾಯಿ ಸಾಹುಕಾರನ ಕಡೆ ನೋಡಿದಳು. ಸಿಟ್ಟಿನಿಂದಲ್ಲ, ನಂಬಿಕೆಯಿಂದ! "ಇವರ ಮನೆ ಅಮ್ಮಾವ್ರು ಬೇವಿನಲ್ಲೇ ಗುಣ ಆದ್ರಲ್ಲಾ. ಹೇಳಿ ಸಾವ್ಕಾರ್ರೇ, ನೀವೇ ಹೇಳಿ."

"ಅವಳು ಸೂಜಿ ಬಿಟ್ಟಿಲ್ಲ ತಾಯಿ. ಇವತ್ತು ಬೆಳಿಗ್ಗೆಯೂ ಚುಚ್ಚಿಕೊಂಡಳು."

ಆ ಹೆಂಗಸು ಬೈಯಲಿಲ್ಲ. ಒಂದೇ ಕೇಳಿದಳು: "ಮತ್ತೆ ಅವತ್ತು ಯಾಕೆ ಹೇಳಲಿಲ್ಲ?"

ಡಾಕ್ಟರಮ್ಮ ಮಗುವಿಗೆ ಇನ್ಸುಲಿನ್ ಕೊಟ್ಟು, ಸಲೈನ್ ಏರಿಸಿದರು.

ಬಹಳ ಹೊತ್ತಿನ ಮೇಲೆ ಮಗು ಕಣ್ಣು ಬಿಟ್ಟಿತು. ಭಗವಂತ ದೊಡ್ಡವನು. ಮುಂದಿನ ಸೋಮವಾರ ಸಾಹುಕಾರ ಅದೇ ಕಂಬದ ಹತ್ತಿರ ನಿಂತು ಪೂರ್ತಿ ಹೇಳಿದ. ಆದರೆ ಹಿಂದಿನ ಸಲ ಕೇಳಿದವರೆಲ್ಲ ಅಲ್ಲಿದ್ದರೇ? ಪರವೂರಿನಿಂದ ಬಂದವರು ಕೇಳಿಕೊಂಡು ಹೋಗಿದ್ದರು. ಯಾವ ಊರಿಗೆ? ಯಾವ ಮಗುವಿನ ಮನೆಗೆ? ಅಂದಿನಿಂದ ಗುರುತಿಲ್ಲದವರು ಯಾರಾದರೂ ಕೈ ಮುಗಿದು ನಗುತ್ತ ಅಂಗಡಿ ಹತ್ತಿದರೆ ಸಾಕು, ಸಾಹುಕಾರ ಕತ್ತರಿ ಕೆಳಗಿಟ್ಟು, ಮನೆಯಲ್ಲಿ ಯಾರಿಗಾದರೂ ಸೂಜಿ ನಿಲ್ಲಿಸಿದ್ದೀರಾ ಎಂದು ಮೊದಲು ಕೇಳುತ್ತಾನೆ.

ಆ ಊರು ನಮ್ಮೂರೂ ಆಗಬಹುದು. ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಬಾಯಿಂದ, ನಿಮ್ಮ ಮೊಬೈಲಿನಿಂದ ಇಂಥ ಅರ್ಧ ಮಾತು ಎಷ್ಟು ಹೋಗಿದೆ? ಯಾರಾದರೂ "ಇದರಿಂದ ಗುಣವಾಯಿತು" ಎಂದರೆ, "ಜೊತೆಗೆ ಇನ್ನೇನು ತೆಗೆದುಕೊಂಡಿರಿ?" ಎಂದು ಕೇಳಿ. ನಾಚಿಕೆ ಬೇಡ. ಎಷ್ಟೇ ದೊಡ್ಡವರು ಹೇಳಲಿ, ನನ್ನಂಥ ಕಥೆ ಹೇಳುವವನು ಇಲ್ಲೇ ಗುಡಿಯಲ್ಲಿ ಕೂತು ಹೇಳಲಿ, ನಡೆಯುತ್ತಿರುವ ಮದ್ದನ್ನು ಡಾಕ್ಟರರನ್ನು ಕೇಳದೆ ನಿಲ್ಲಿಸಬೇಡಿ. ನೀವು ಹೇಳುವಾಗಲೂ ಸೂಜಿಯನ್ನು ಸೂಜಿ ಎನ್ನಿ, ಮಾತ್ರೆಯನ್ನು ಮಾತ್ರೆ ಎನ್ನಿ. ದೇವರ ಮಹಿಮೆ ಅದರಿಂದ ಕಡಿಮೆಯಾಗುವುದಿಲ್ಲ. ಅವನಿಗೆ ನಮ್ಮ ಮರೆಮಾಚುವಿಕೆ ಬೇಕಿಲ್ಲ.

ಯಾರಿಗಾದರೂ ಅರ್ಧ ಹೇಳಿದ್ದು ಈಗ ನೆನಪಾಯಿತೇ? ಹಾಗಾದರೆ ಮಂಗಳಾರತಿಗೆ ಕಾಯಬೇಡಿ. ಎದ್ದು ಹೋಗಿ, ಆ ಮನೆಯ ಬಾಗಿಲು ತಟ್ಟಿ.