ಚಿಲಕ, ಹಿತ್ತಾಳೆ, ಆರು ಇಂಚು

…ಆಯ್ತು, ಆಯ್ತು, ಗೋಡೆ ಕಡೆಗೇ ತಿರುಗಿ ಮಲಕ್ಕೊ. ನನಗೇನು? ನಿನ್ನ ಬೆನ್ನಿಗೇ ಹೇಳ್ತೀನಿ. ಸ್ವಲ್ಪ ಸರಿ ಆ ಕಡೆ. ಕಾಲು ಮಡಚು. ಇಷ್ಟು ದೊಡ್ಡ ಮಂಚದಲ್ಲಿ ಅಜ್ಜಿಗೆ ಕೂರೋಕೆ ಒಂದು ಗೇಣು ಜಾಗ ಇಲ್ವಾ? ಹಾಂ, ಹಾಗೆ. ಆ ದಿಂಬು ಕೊಡು, ಸೊಂಟಕ್ಕೆ. ಕೊಡಲ್ವಾ? ಸರಿ, ಇಟ್ಕೊ, ಮೂಗು ಒರೆಸೋಕೆ ಬೇಕಾಗುತ್ತೆ.

ಭುಜ ಕೊಡವಬೇಡ. ಅಳ್ತಿದೀಯ ಅಂತ ನಾನೆಲ್ಲಿ ಅಂದೆ? ನಿಮ್ಮಮ್ಮ ಜ್ವರ ಅಂದಳು, ನಾನೂ ಜ್ವರ ಅಂದೆ. ಮೂರು ದಿನದಿಂದ ಜ್ವರವೇ. ನಿನ್ನ ಕನ್ನಡಕದ ಗೆಳತಿ ಬಾಗಿಲಿಗೆ ಬಂದರೂ ಜ್ವರ, ಫೋನು ಬಡ್ಕೊಂಡರೂ ಜ್ವರ. ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಅಂಟ್ಕೊಂಡು ಕೂತವರು ನೀವಿಬ್ಬರು. ಈಗ ಅವಳು ಬಂದರೆ ಜ್ವರ!

ನಾನು ಅಲ್ಲೇ ಇದ್ದೆ ಕಣೇ, ಆವತ್ತು. ಮೆಟ್ಟಿಲ ಪಕ್ಕ ಬಟ್ಟೆ ಮಡಚ್ತಾ ಇದ್ದೆ. ಅವಳು ಫೋನು ತಂದು ನಿನ್ನ ಮುಖಕ್ಕೆ ಹಿಡಿದು, "ನೋಡೇ, ಅವನೇ ಮೊದಲು ಬರೆದ! ನಿನಗೇ ಮೊದಲು ಹೇಳ್ತಿರೋದು!" ಅಂತ ಕುಣಿದಳು. ನೀನು "ಅಯ್ಯೋ, ಎಷ್ಟು ಚೆನ್ನಾಗಿದೆ" ಅಂದೆ. ಅಂದಿದ್ದು ಬಾಯಿ. ಮುಖ ಏನಂದಿತು ಅನ್ನೋದನ್ನ ನಾನು ನೋಡಿದೆ.

ಯಾಕೆ ಉಸಿರು ಹಿಡ್ಕೊಂಡೆ? ಬಿಡು, ಬಿಡು ಉಸಿರು. ನಾನೇನೂ ಕೇಳಲ್ಲ. ಯಾರ ಹತ್ತಿರವೂ ಬಾಯಿ ಬಿಡಲ್ಲ. ಒಂದು ಕಥೆ ಹೇಳ್ತೀನಿ, ಎದ್ದು ಹೋಗ್ತೀನಿ. ಕೇಳಿದರೆ ಕೇಳು, ಬಿಟ್ಟರೆ ಬಿಡು.

ಒಂದು ಬೀದಿ. ಬೀದಿಯ ಕೊನೆಯಲ್ಲಿ ಒಂದು ಅಚ್ಚುಕೂಟ. ಕೆಳಗಡೆ ಯಂತ್ರಗಳು, ಬೆಳಿಗ್ಗೆಯಿಂದ ಸಂಜೆವರೆಗೂ ಧಡಕ್ ಧಡಕ್ ಅಂತ ನೆಲವೇ ನಡುಗೋದು. ಮೇಲೆ ಪುಸ್ತಕ ಹೊಲಿಯೋ ಕೋಣೆ. ಕೆಳಗಿನಿಂದ ಚಾಪೆಯಷ್ಟು ದೊಡ್ಡ ಹಾಳೆ ಬರುತ್ತಿತ್ತು, ಒಂದೊಂದರಲ್ಲಿ ಹದಿನಾರು ಪುಟ. ಅದನ್ನ ಮೂರು ಮಡಿಕೆ ಮಡಚಿ, ಮೂಳೆಯ ಪಟ್ಟಿಯಲ್ಲಿ ಉಜ್ಜಬೇಕು. ಮಡಚಿದ್ದಕ್ಕೆ ಫಾರಂ ಅಂತ ಹೆಸರು. ಫಾರಂಗಳನ್ನ ಒಂದರ ಮೇಲೊಂದು ಜೋಡಿಸಿ, ಬೆನ್ನಿಗೆ ಹೊಲಿಗೆ ಹಾಕಿ, ಅಂಟು ಬಳಿದು, ರಟ್ಟು ಕೂರಿಸಿದರೆ ಪುಸ್ತಕ. ನೀವು ಓದೋರು ಮುಖಪುಟ ನೋಡ್ತೀರಿ. ಹೊಲಿಯೋರು ನೋಡೋದೆಲ್ಲ ಪುಸ್ತಕದ ಬೆನ್ನು.

ಆ ಕೋಣೆಯಲ್ಲಿ ಹತ್ತು ಹನ್ನೆರಡು ಹೆಂಗಸರು. ಎಲ್ಲರಿಗಿಂತ ಚಿಕ್ಕವರು ಇಬ್ಬರು, ನಿನ್ನಷ್ಟೇ ವಯಸ್ಸು. ಒಬ್ಬಳು ಉದ್ದಜಡೆ. ಅವಳ ಜಡೆ ಸ್ಟೂಲಿನಿಂದ ಇಳಿದು ನೆಲ ಗುಡಿಸೋದು. ಇನ್ನೊಬ್ಬಳು ಮೂಕಿ. ಮಾತು ಬಾರದವಳಲ್ಲ, ಮಾತು ಕಮ್ಮಿ, ಅಷ್ಟೆ. ಹೂಂ, ಉಹೂಂ, ಇಷ್ಟರಲ್ಲೇ ದಿನ ಮುಗಿಸೋಳು. ಏನು ನಗು ಅದು? ಹಾಂ, ನನ್ನ ಥರ ಅಲ್ಲ, ಗೊತ್ತು! ನನ್ನ ಬಾಯಿಗೆ ಬೀಗ ಮಾಡೋನು ಇನ್ನೂ ಹುಟ್ಟಿಲ್ಲ ಅಂತ ನಿಮ್ಮ ತಾತ ಹೇಳ್ತಾನೇ ಹೋದರು.

ಮೂಕಿಗೆ ಓದು ಬರ್ತಿರಲಿಲ್ಲ. ಪುಸ್ತಕ ಮಾಡೋಳು, ಒಂದಕ್ಷರ ಗೊತ್ತಿಲ್ಲ! ಹಾಗಾದರೆ ಹೇಗೆ ಜೋಡಿಸ್ತಿದ್ದಳು ಅಂತೀಯಾ? ಪ್ರತಿ ಫಾರಂನ ಮಡಿಕೆಯ ಮೇಲೆ ಒಂದು ಕರಿ ಗುರುತು ಇರುತ್ತೆ. ಮೊದಲನೆಯದಕ್ಕೆ ಮೇಲೆ, ಎರಡನೆಯದಕ್ಕೆ ಸ್ವಲ್ಪ ಕೆಳಗೆ, ಮೂರನೆಯದಕ್ಕೆ ಇನ್ನೂ ಕೆಳಗೆ. ಸರಿಯಾಗಿ ಜೋಡಿಸಿದರೆ ಪುಸ್ತಕದ ಬೆನ್ನ ಮೇಲೆ ಮೆಟ್ಟಿಲು ಇಳಿದ ಹಾಗೆ ಕಾಣುತ್ತೆ. ಒಂದು ಹಿಂದುಮುಂದಾದರೆ ಮೆಟ್ಟಿಲು ಮುರೀತು. ಓದು ಬಂದವರು ಪುಟದ ಅಂಕಿ ಹುಡುಕ್ತಾ ಕೂತಿರೋವಾಗ ಮೂಕಿ ಒಂದು ಸಲ ಬೆನ್ನು ನೋಡಿ ತಪ್ಪಿಗೆ ಬೆರಳಿಡೋಳು. ಕೋಣೆ ನೋಡ್ಕೊಳ್ಳೋ ಮೇಸ್ತ್ರಿಗೆ ಅವಳೆಂದರೆ ಅಷ್ಟು ಹೆಮ್ಮೆ.

ಉದ್ದಜಡೆಗೆ ಓದಿನ ಹುಚ್ಚು. ಸೂಜಿ ಕೈಯಲ್ಲಿ, ಕಣ್ಣು ಹಾಳೆಯಲ್ಲಿ. ಸಿಕ್ಕಿದ್ದನ್ನ ಜೋರಾಗಿ ಓದೋಳು. ಒಂದಿನ ಲೆಕ್ಕದ ಪಾಠ, ಒಂದಿನ ದನದ ಕಾಯಿಲೆ, ಒಂದಿನ ಪದ್ಯ. ಪದ್ಯ ಬಂದರೆ ಅವಳ ಗಂಟಲೇ ಬೇರೆಯಾಗೋದು. ಮೆತ್ತಗೆ… ಮೂಕಿಗೆ ಅರ್ಥ ಎಷ್ಟಾಗ್ತಿತ್ತೋ, ಹಾಳೆ ಮಾತ್ರ ಬಗ್ಗಿ ನೋಡೋಳು. ಸಾಲು ಗಿಡ್ಡ ಗಿಡ್ಡ. ಎರಡೂ ಪಕ್ಕ ಬಿಳಿ ಜಾಗ. ಓಹೋ, ಪದ್ಯ ಅಂದರೆ ಇದು, ಅಂತ ಅವಳೇ ತೀರ್ಮಾನ ಮಾಡ್ಕೊಂಡಳು.

ಒಂದು ಮಧ್ಯಾಹ್ನ ಆ ಜಡೆ ಅಂಟಿನ ಡಬ್ಬದೊಳಗೆ ಬಿತ್ತು. ಹೆಂಗಸರೆಲ್ಲ ಹೋ ಅಂತ ನಕ್ಕರು. "ಕತ್ತರಿ ತನ್ರೇ!" ಅಂದಳೊಬ್ಬಳು. ಮೂಕಿ ಎದ್ದು, ಅವಳನ್ನ ನಲ್ಲಿ ಹತ್ತಿರ ಕರ್ಕೊಂಡು ಹೋಗಿ, ಬಿಸಿನೀರು ಹಾಕಿ, ಒಂದೊಂದೇ ಎಳೆ ಬಿಡಿಸಿ ತೊಳೆದಳು. ಅರ್ಧ ಗಂಟೆ. ಉದ್ದಜಡೆ ಪಕ್ಕದ ಮನೆಯವರ ಬೆಕ್ಕಿನ ಬಗ್ಗೆ ಏನೇನೋ ಹೇಳ್ತಾ ನಿಂತಿದ್ದಳು. ಒದ್ದೆ ಕೂದಲು ಮೂಕಿಯ ಅಂಗೈಯಲ್ಲಿತ್ತು. ಆಗ ಅವಳಿಗೆ ಗೊತ್ತಾಯ್ತು. ಏನು ಗೊತ್ತಾಯ್ತು ಅಂತ ಕೇಳಬೇಡ, ಅದಕ್ಕೊಂದು ಹೆಸರಿದೆ ಅಂತಲೂ ಅವಳಿಗೆ ಗೊತ್ತಿರಲಿಲ್ಲ. ಹೆಸರಿಲ್ಲದ್ದನ್ನ ಯಾರ ಹತ್ತಿರ ಹೋಗಿ ಕೇಳೋದು? ನಲ್ಲಿ ನಿಲ್ಲಿಸಿದಳು. ಕೈ ಒರೆಸ್ಕೊಂಡಳು. ಆಮೇಲೆ ಅವಳಿಗೆ ಆ ಕೋಣೆ ಮೊದಲಿನ ಕೋಣೆ ಆಗಿ ಉಳೀಲಿಲ್ಲ.

…ಈ ಕಡೆ ತಿರುಗಿದೆಯಾ? ತಿರುಗು, ತಿರುಗು. ಆ ಗೋಡೆಯ ಸುಣ್ಣ ಎಲ್ಲ ನಿನ್ನ ಕೆನ್ನೆ ಮೇಲಿದೆ ನೋಡು.

ಹೇಳಬೇಕು ಅನ್ನಿಸ್ತು ಅವಳಿಗೆ. ಬಾಯಲ್ಲಿ ಹೇಳೋ ಹುಡುಗಿಯಲ್ಲ. ಬರೆಯೋಕೆ ಬರಲ್ಲ. ಬರ್ತಿದ್ದಿದ್ದು ಒಂದೇ, ಪುಸ್ತಕ ಹೊಲಿಯೋದು. ಸರಿ, ಅವಳಿಗೊಂದು ಪುಸ್ತಕ ಮಾಡಿಕೊಡ್ತೀನಿ, ಬರೀ ಪದ್ಯದ್ದು, ಅಂತ ಹೊರಟಳು. ರದ್ದಿ ರಾಶಿಯಲ್ಲಿ ಕೈಯಾಡಿಸಿ ಗಿಡ್ಡ ಸಾಲಿನ ಹಾಳೆ ಆರಿಸಿದಳು. ಎರಡೂ ಪಕ್ಕ ಬಿಳಿ ಇರೋದನ್ನೇ! ಊಟದ ಹೊತ್ತಿನಲ್ಲಿ ಕದ್ದು ಕದ್ದು ಕತ್ತರಿಸಿ, ಮಡಚಿ, ಒಂದು ತಿಂಗಳು. ಅಂಗೈಯಷ್ಟು ಪುಟ್ಟ ಪುಸ್ತಕ. ರಟ್ಟಿಗೆ ಕೆಂಪು ಬಟ್ಟೆ. ಅಂಥ ಹೊಲಿಗೆ ಅವಳು ಆಮೇಲೆ ಯಾವತ್ತೂ ಹಾಕಲಿಲ್ಲ.

ಕೊಟ್ಟಳು. ಉದ್ದಜಡೆ ತೆರೆದಳು. ನೋಡಿದಳು. ಹಾಳೆ ತಿರುಗಿಸಿದಳು. ಉದ್ದಜಡೆ ಗಂಟಲು ಸರಿಮಾಡ್ಕೊಂಡು ಜೋರಾಗಿ ಓದಿದಳು:

"ಚಿಲಕ, ಹಿತ್ತಾಳೆ, ಆರು ಇಂಚು.
ಚಿಲಕ, ಕಬ್ಬಿಣ, ಆರು ಇಂಚು.
ಕೊಕ್ಕೆ, ದೊಡ್ಡದು.
ಕೊಕ್ಕೆ, ಸಣ್ಣದು."

ನಗು, ನಗು! ತಡ್ಕೊಬೇಡ. ಇಡೀ ಕೋಣೆ ನಕ್ಕಿತು, ನೀನೊಬ್ಬಳು ನಕ್ಕರೆ ಏನು ಹೋಯ್ತು? ಯಾವುದೋ ಕಬ್ಬಿಣದ ಅಂಗಡಿಯ ಸಾಮಾನಿನ ಪಟ್ಟಿ ಕಣೇ ಅದು! ಪುಟಪುಟವೂ ಬೀಗ, ತಿರುಪು, ಬಾಗಿಲ ಹಿಡಿ. ಮೇಸ್ತ್ರಿ ಕಣ್ಣೊರೆಸ್ಕೊಂಡು ನಕ್ಕ. ಮೂಕಿ? ಅವಳೂ ನಕ್ಕಳು. ಇನ್ನೇನು ಮಾಡ್ತಾಳೆ?

ಕೇಳು, ಇನ್ನೂ ಇದೆ. ಉದ್ದಜಡೆ ಓದ್ತಾ ಓದ್ತಾ ಇದ್ದಕ್ಕಿದ್ದ ಹಾಗೆ ನಿಲ್ಲಿಸಿದಳು. ಕಣ್ಣು ಇಷ್ಟಗಲ. ಮೂಕಿಯ ಕೈ ಹಿಡಿದು ನಲ್ಲಿ ಹತ್ತಿರ ಎಳ್ಕೊಂಡು ಹೋದಳು. "ಕಳ್ಳಿ! ನಿನಗೆ ಹೇಗೆ ಗೊತ್ತಾಯ್ತು? ನಾನು ಯಾರಿಗೂ ಹೇಳಿಲ್ಲ!" ಅಂದಳು. "ನಾವು ಮನೆ ನೋಡಿದ್ದು ಯಾರು ಹೇಳಿದರು? ಆ ಮನೆಗೆ ಚಿಲಕ ಇಲ್ಲ ಅನ್ನೋದೂ ಗೊತ್ತಾಯ್ತಾ ನಿನಗೆ?" ಕೆಳಗೆ ಅಚ್ಚಿನ ಅಕ್ಷರ ಜೋಡಿಸೋನು ಒಬ್ಬನಿದ್ದ, ಕೈಬೆರಳೆಲ್ಲ ಮಸಿ. ಅವನು ಕೇಳಿದ್ದ, ಇವಳು ಒಪ್ಪಿದ್ದಳು. ಎರಡು ಕೋಣೆಯ ಮನೆ, ಬಾಗಿಲಿಗೆ ಚಿಲಕ ಹಾಕಿಸಬೇಕಿತ್ತು. ಮೂಕಿ ಎಲ್ಲ ಪತ್ತೆ ಮಾಡಿ ಕೀಟಲೆಗೆ ಪುಸ್ತಕ ಮಾಡಿದ್ದಾಳೆ ಅಂತ ಅವಳು ತಿಳ್ಕೊಂಡಳು! ತಬ್ಕೊಂಡಳು. "ನನಗೆ ನೀನಿದ್ದರೆ ಸಾಕು ಕಣೇ, ಹೇಳದೇನೇ ಎಲ್ಲ ಗೊತ್ತಾಗುತ್ತೆ ನಿನಗೆ" ಅಂದಳು. ಮೂಕಿ "ಹೂಂ" ಅಂದಳು.

…ನಗು ನಿಂತುಹೋಯ್ತಾ.

ಹೌದು. ಅವಳು ಅಷ್ಟೇ ಅಂದಿದ್ದು. ಹೂಂ. ಆ ವಾರ ಮೂಕಿ ಜೋಡಿಸಿದ ಐವತ್ತು ಪುಸ್ತಕದ ಮೆಟ್ಟಿಲು ಮುರಿದಿತ್ತು. ಮೇಸ್ತ್ರಿ ಮುಖ ನೋಡಿದ, ಬೈಯಲಿಲ್ಲ. ಅವಳು ಹಾಳೆ ಮಡಚೋ ಮೇಜಿಗೆ ಹೋಗಿ ಕೂತಳು, ಕೋಣೆಯ ಆ ತುದಿಗೆ. ಉದ್ದಜಡೆ ಬಂದು "ಏನಾಯ್ತೇ?" ಅನ್ನೋಳು. ಏನಿಲ್ಲ. "ನನ್ನ ಮೇಲೆ ಕೋಪಾನಾ?" ಉಹೂಂ. "ತಲೆನೋವಾ?" ಹೂಂ. ಜ್ವರ ಅಂದ ಹಾಗೆ, ಅಷ್ಟೆ. ಮದುವೆಗೆ ಅಂತ ಕೆಲಸ ಬಿಡೋ ಕೊನೇ ದಿನ ಉದ್ದಜಡೆ ಆ ನಲ್ಲಿ ಹತ್ತಿರ ಕಾದಳು. ಮೂಕಿ ಕಾಗದದ ಮೂಟೆಗಳ ಹಿಂದೆ ಕೂತು, ಮೊಣಕಾಲ ಮೇಲೆ ಗಲ್ಲ ಇಟ್ಟು, ಅವಳು ಹೆಸರು ಕೂಗೋದನ್ನ ಕೇಳಿಸ್ಕೊಂಡಳು. ಏಳು ಸಲ ಕೂಗಿದಳು. ಏಳು. ಕಾಗದದ ವಾಸನೆ, ಮಸಿಯ ವಾಸನೆ, ಕತ್ತಿನ ಹಿಂದೆ ಬೆವರು… ಕಾಲು ಜೋಮು ಹಿಡಿದಿತ್ತು, ಅಲ್ಲಾಡಿದರೆ ಸದ್ದಾಗುತ್ತೆ ಅಂತ… ಎಂಟನೇ ಸಲ ಕೂಗಿದರೆ ಎದ್ದು ಹೋಗ್ತೀನಿ ಅಂತ ಅಂದ್ಕೊಂಡೆ… ಅಂದ್ಕೊಂಡಳು. ಎಂಟನೇ ಸಲ ಕೂಗಲಿಲ್ಲ.

ಇಷ್ಟೇ ಕಥೆ.

ಏನಾದರೂ ಅನ್ನು. ಕಥೆ ಚೆನ್ನಾಗಿಲ್ಲ ಅನ್ನು. ಮೂರು ವರ್ಷದ ಮಗುವಾಗಿದ್ದಾಗಿನಿಂದ ನಾನು ಕಥೆ ಹೇಳಿದರೆ ನೀನು ಅರ್ಧದಲ್ಲೇ ಬಾಯಿ ಹಾಕೋಳು, "ಅಜ್ಜಿ, ನಿನಗೆ ಹೇಗೆ ಗೊತ್ತು? ನೀನು ನೋಡಿದ್ದೆಯಾ?" ರಾಜನ ಕಥೆಗೂ ಕೇಳಿದೆ, ನರಿ ಕಥೆಗೂ ಕೇಳಿದೆ. ಇವತ್ತು ಕೇಳಲಿಲ್ಲ. ಮೂಟೆಗಳ ಹಿಂದೆ ಕೂತವಳ ಕಾಲು ಜೋಮು ಹಿಡಿದಿದ್ದು ಹೊರಗಿನವರಿಗೆ ಹೇಗೆ ಗೊತ್ತಾಯ್ತು ಅಂತ ಒಂದು ಮಾತೂ ಕೇಳಲಿಲ್ಲ ನೀನು. ಯಾಕೆ ನನ್ನ ಕೈ ಹಾಗೆ ನೋಡ್ತೀಯ? ಮುದುಕಿ ಕೈ, ಅದರಲ್ಲೇನಿದೆ ನೋಡೋಕೆ? ಬಿಡು… ಬೇಡ. ಬಿಡಬೇಡ. ಹಿಡ್ಕೊ.

ನಿಮ್ಮ ತಾತ ಒಳ್ಳೆಯವರು ಕಣೇ. ಅವರಿಗೆ ನಾನು ಸುಳ್ಳು ಹೇಳಲಿಲ್ಲ, ಅವರು ಈ ವಿಷಯ ಕೇಳಲೂ ಇಲ್ಲ. ನಲವತ್ತೊಂದು ವರ್ಷ ಬಾಳಿದೆವು. ಅದೂ ನಿಜ, ಇದೂ ನಿಜ. ಎರಡನ್ನೂ ಒಂದೇ ಎದೆಯಲ್ಲಿ ಇಟ್ಕೊಂಡೆ.

ಸರಿ, ಯಾರ್ಯಾರು ಏನಾದರು ಅಂತ ಹೇಳದೆ ಎದ್ದರೆ ನೀನು ಬಿಡೋಳಲ್ಲ. ಅಚ್ಚುಕೂಟ ಹೋಯ್ತು, ಅಲ್ಲಿ ಈಗ ಚಪ್ಪಲಿ ಅಂಗಡಿ ಇದೆಯಂತೆ. ಮೇಸ್ತ್ರಿಗೆ ಕೊನೆಕೊನೆಗೆ ಕಣ್ಣು ಮಂಜಾಯ್ತು, ಆದರೂ ಮೊಮ್ಮಕ್ಕಳ ಪಠ್ಯಪುಸ್ತಕಕ್ಕೆಲ್ಲ ಕೈ ಸವರಿಯೇ ರಟ್ಟು ಹಾಕಿಕೊಟ್ಟು, ಒಂದು ದಿನ ನಿದ್ದೆಯಲ್ಲೇ ಹೋದ. "ಕತ್ತರಿ ತನ್ರೇ" ಅಂದವಳು ಸ್ವಂತ ಹೊಲಿಗೆ ಅಂಗಡಿ ಇಟ್ಟಳು, ಇಬ್ಬರು ಮಕ್ಕಳನ್ನ ಓದಿಸಿದಳು. ಮೂಕಿ ಮದುವೆಯಾದಳು, ಮೂರು ಹೆತ್ತಳು, ಮಾತು ಕಲಿತಳು. ಎಷ್ಟು ಕಲಿತಳು ಅಂದರೆ ಬೀದಿಯವರೆಲ್ಲ ಅವಳ ಕಥೆ ಕೇಳೋಕೆ ಬಂದು ಕೂರೋರು.

ಉದ್ದಜಡೆ ಬೇರೆ ಊರಿಗೆ ಹೋದಳು. ಅಲ್ಲಿಂದ ಮೂಕಿಗೆ ಮೂರು ಕಾಗದ ಬರೆದಳು. ಮೂಕಿಗೆ ಓದೋಕೆ ಬರಲ್ಲ ಅಂತ ಗೊತ್ತಿದ್ದೂ ಬರೆದಳು. ಯಾರ ಕೈಲಾದರೂ ಓದಿಸಬಹುದಿತ್ತು. ಗಂಡ ದಿನಾ ಬೆಳಿಗ್ಗೆ ಪೇಪರು ಜೋರಾಗಿ ಓದೋರು, ಪಕ್ಕದಲ್ಲೇ. ಓದಿಸಲಿಲ್ಲ. ಏನಿತ್ತು ಅಂತ ಗೊತ್ತಿಲ್ಲ. ಕಾಗದ ಎಲ್ಲಿ ಅಂತ ಕೇಳಬೇಡ, ಮನೆ ಬದಲಾಯಿಸುವಾಗ ಎಲ್ಲೋ ಹೋದವು.

ಅಕ್ಷರ ಜೋಡಿಸೋನು ಇದ್ದಾನೆ. ನೀನು ನೋಡಿದೀಯ. ಹೋದ ವರ್ಷ ಒಬ್ಬರು ಮುದುಕರು ಬಂದಿದ್ದರಲ್ಲ, ನೀನೇ ನೀರು ತಂದುಕೊಟ್ಟೆ? ಅವರೇ. ಉದ್ದಜಡೆ ತೀರಿಹೋಗಿ ಒಂದು ತಿಂಗಳಾಗಿತ್ತು. ವಿಳಾಸ ಹುಡುಕ್ಕೊಂಡು, ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಕೂತರು, ನೀರು ಕುಡಿದರು, ನಿನ್ನ ಓದು ವಿಚಾರಿಸಿದರು. ನೀನು ಒಳಗೆ ಹೋದ ಮೇಲೆ ಹೇಳಿದರು: ಉದ್ದಜಡೆ ಕೊನೇವರೆಗೂ ಅವರನ್ನ ಕೇಳ್ತಿದ್ದಳಂತೆ, ಐವತ್ತು ವರ್ಷ. "ನಾನು ಅವಳಿಗೆ ಏನು ತಪ್ಪು ಮಾಡಿದೆ, ಅವಳು ನನ್ನ ಜೊತೆ ಮಾತು ಯಾಕೆ ಬಿಟ್ಟಳು, ನಿಮಗೇನಾದರೂ ಗೊತ್ತಾ?" ಅಂತ. ಅವರಿಗೂ ಗೊತ್ತಿರಲಿಲ್ಲ ಪಾಪ. ಅದನ್ನ ಕೇಳೋಕೇ ಬಂದಿದ್ದರು.

ಇಷ್ಟು ಬಾಯಿ ಇರೋ ಹೆಂಗಸು ನಾನು. ತಲೆನೋವು ಅಂದೆ.