ಹತ್ತದ ಬ್ರೇಕ್ ದೀಪ

ಬೇರೆಯವರ ಮನೆಯ ಮಾತು ಕೇಳಿಸಿಕೊಂಡು ಬರೆಯುವುದು ಸರಿಯಲ್ಲ, ಓದುವವರು ಕ್ಷಮಿಸಬೇಕು. ನಾನು ಕೂತಿದ್ದ ಗ್ಯಾರೇಜಿನ ಬೆಂಚಿನ ಎದುರೇ ಅತ್ತೆ-ಅಳಿಯ ಇಬ್ಬರ ಕಾರು ನಿಂತಿತ್ತು. ವೇಗವನ್ನು ತಾನಾಗಿ ಒಂದೇ ಸಮ ಇಡುವ ಕ್ರೂಸ್ ಕಂಟ್ರೋಲ್ ಕೆಟ್ಟಿದೆಯೆಂದು ಅಳಿಯ ಅತ್ತೆಯ ಜೊತೆ ಬಂದಿದ್ದ. ಮರುದಿನ ದೂರದ ಆಸ್ಪತ್ರೆಯಿಂದ ಬಾಣಂತಿ ಹೆಂಡತಿಯನ್ನೂ ಹಸುಗೂಸನ್ನೂ ಕರೆತರಬೇಕಿತ್ತು. ಇಷ್ಟು ಸಣ್ಣ ವಿಷಯಕ್ಕೆ ಬಂದೆನಲ್ಲ ಎಂದು ಅವನಿಗೆ ಒಳಗೊಳಗೇ ನಾಚಿಕೆ.

“ಗುಂಡಿ ಒತ್ತಿದ್ರೂ ಕ್ರೂಸ್ ಹಿಡಿಯಲ್ಲ. ಕಾಲಲ್ಲೇ ಓಡಿಸ್ತೀನಿ ಅಂದ್ರೆ ಅತ್ತೆ ಕೇಳಲ್ಲ,” ಎಂದ ಮೆಕ್ಯಾನಿಕ್‌ಗೆ.

“ನಿಮ್ಮ ಕಾಲು ತಕಧಿಮಿ ಕುಣಿಯುತ್ತೆ ಅಳಿಯಂದ್ರೇ, ನನ್ನ ಹೊಟ್ಟೆ ತೊಳಸುತ್ತೆ,” ಎಂದರು ಅತ್ತೆ.

ಮೆಕ್ಯಾನಿಕ್ ಅವನನ್ನು ಕಾರಿನೊಳಗೆ ಕೂರಿಸಿ ತಾನು ಹಿಂದೆ ನಿಂತ. “ಬ್ರೇಕ್ ತುಳೀರಿ ಸಾರ್.”

“ತುಳಿದಿದ್ದೀನಲ್ಲ!”

“ಕೆಂಪು ದೀಪ ಒಂದೂ ಹತ್ತಿಲ್ಲ. ಪೆಡಲ್ ಹತ್ರದ ಸ್ವಿಚ್ ಹೋಗಿದೆ. ಅದು ಸರಿಯಿಲ್ದೆ ಕ್ರೂಸೂ ಹಿಡಿಯಲ್ಲ.”

“ಅಂದ್ರೆ, ನಾನು ಬ್ರೇಕ್ ಹಾಕಿದ್ದು ಹಿಂದಿನ ಗಾಡಿಯವರಿಗೆ…”

“ಗೊತ್ತೇ ಆಗ್ತಿರ್ಲಿಲ್ಲ ಸಾರ್.”

ಅಳಿಯ ಹಿಂದಿನ ಸೀಟಿನತ್ತ ತಿರುಗಿದ. ಕೂಸಿಗೆಂದು ಅಲ್ಲಿ ಆಗಲೇ ಮೆತ್ತೆ ಹಾಸಿತ್ತು.

“ಅತ್ತೆ, ನಿಮ್ಮ ಹೊಟ್ಟೆಯ ಉಪಕಾರ ದೊಡ್ಡದು.”

“ನನ್ನ ಹೊಟ್ಟೆ ಹಾಗಿರಲಿ, ಹಿಂದೆ ಹೋಗಿ ನೋಡಿದ ಪುಣ್ಯಾತ್ಮರಿಗೆ ಹೇಳಿ.”

“ನಿಮ್ಮನ್ನ ಮರೆಯಲ್ಲ ಅಣ್ಣಾ,” ಎಂದ ಅಳಿಯ ಮೆಕ್ಯಾನಿಕ್‌ಗೆ.

“ನನ್ನ ಕೆಲಸ ಅದೇ ಅಲ್ವಾ ಸಾರ್, ಬಿಡಿ.”

ಹೊಸ ಸ್ವಿಚ್ ಕೂತ ಮೇಲೆ ಅತ್ತೆ ತಾವೇ ಹಿಂದೆ ನಿಂತು, ಅಳಿಯನಿಂದ ಮೂರು ಸಲ ಬ್ರೇಕ್ ತುಳಿಸಿ ನೋಡಿಯೇ ಕಾರು ಹತ್ತಿದರು. ಕಾರು ಹೊರಟುಹೋಯಿತು. ಅಲ್ಲಿಯವರೆಗೆ ಅವರು ಎಷ್ಟು ದಿನ ದೀಪವಿಲ್ಲದೆ ಓಡಾಡಿದ್ದರೋ, ಅದು ಮೆಕ್ಯಾನಿಕ್‌ಗೂ ಗೊತ್ತಾಗಲಿಲ್ಲ.